ಕಿಡ್ನಿ ಕ್ಯಾನ್ಸರ್ ಸರ್ಜರಿ: ಲಿಂಫ್ ಗ್ರಂಥಿ ತೆಗೆಯುವುದು ಯಾವಾಗ, ಹೇಗೆ?

ಸ್ಕ್ಯಾನ್‌ನಲ್ಲಿ ಗ್ರಂಥಿ ಊದಿಲ್ಲದಿದ್ದರೆ ಅದರ ಗೊಡವೆಗೆ ಹೋಗಬೇಡಿ. 772 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಅಂಥವರ ಗ್ರಂಥಿ ತೆಗೆದದ್ದರಿಂದ ಆಯಸ್ಸೇನೂ ಹೆಚ್ಚಲಿಲ್ಲ. ಅಡ್ಡಳತೆ 1 ಸೆಂ.ಮೀ. ದಾಟಿದ್ದರೆ, ಕೈಗೆ ಗಟ್ಟಿಯಾಗಿ ಸಿಕ್ಕರೆ, ತೆಗೆಯಿರಿ. ರೋಗದ ಹಂತವಾದರೂ ಖಚಿತವಾಗುತ್ತದೆ. (ಊದಿದ್ದೆಲ್ಲ ಕ್ಯಾನ್ಸರಲ್ಲ, ಅದು ಬೇರೆ ಮಾತು.)

ಬಲ ಕಿಡ್ನಿಯಾದರೆ ವೀನಾ ಕೇವಾ (ಹೊಟ್ಟೆಯ ದೊಡ್ಡ ಅಭಿಧಮನಿ) ಸುತ್ತಲಿನ, ಎಡದ್ದಾದರೆ ಅಯೋರ್ಟಾ (ಮಹಾಪಧಮನಿ) ಸುತ್ತಲಿನ ಗ್ರಂಥಿ ತೆಗೆಯಿರಿ. ಅವೆರಡರ ನಡುವಿನ ಗ್ರಂಥಿಗಳನ್ನೂ ಬಿಡಬಾರದು. ರಕ್ತನಾಳದ ಮುಂಭಾಗದಲ್ಲಿ ಅಂಗಾಂಶ ಸೀಳಿ ಬದಿಗೆ ಹೊರಳಿಸುತ್ತಾ ಹೋಗಿ. ಹಿಂದಿರುವ ಲಂಬಾರ್ ನಾಳಗಳನ್ನು (ಬೆನ್ನಿನ ಕಡೆಯ ಸಣ್ಣ ರಕ್ತನಾಳಗಳನ್ನು) ಮೊದಲು ಕಟ್ಟಿ, ಆಮೇಲೆ ಕತ್ತರಿಸಿ. ಎಳೆದಾಡಿದರೆ ಕಿತ್ತು ಬಂದು ರಕ್ತ ಚಿಮ್ಮುತ್ತದೆ. ಲಿಂಫ್ ನಾಳಗಳಿಗೆ ಬರೀ ಕಾಟರಿ (ಸುಟ್ಟು ಮುಚ್ಚುವುದು) ಸಾಲದು, ಕ್ಲಿಪ್ ಹಾಕಿ. ಇಲ್ಲದಿದ್ದರೆ ರೋಗಿ ಊಟ ಶುರುಮಾಡಿದ ಮೇಲೆ ಡ್ರೇನ್‌ನಲ್ಲಿ (ದ್ರವ ಹೊರಹೋಗಲು ಇಟ್ಟ ಕೊಳವೆ) ಹಾಲಿನಂಥ ದ್ರವ, ಅಂದರೆ ಕೊಬ್ಬು ಬೆರೆತ ಲಿಂಫ್, ಸೋರಿ ಇಳಿಯಬಹುದು. ಕೊಬ್ಬು ಕಡಿಮೆಯಿರುವ, ಎಂಸಿಟಿ ಎಣ್ಣೆಯ (ಲಿಂಫ್ ನಾಳ ಬಳಸದೆ ನೇರ ರಕ್ತ ಸೇರುವ ಕೊಬ್ಬು) ಆಹಾರ ಕೊಟ್ಟರೆ ಬಹುತೇಕ ಸೋರಿಕೆ ತಾನಾಗಿ ನಿಲ್ಲುತ್ತದೆ.