ಹಸಿರು ಪಟ್ಟಿ ಕುಣಿಯುತ್ತಿದ್ದರೆ ಡ್ರೈವರ್ ಮುಟ್ಟಬೇಡಿ: ಸದ್ದು ನಿಂತ ಕಂಪ್ಯೂಟರ್ ಮತ್ತು ನನ್ನ ಅನುಭವ

ಕಂಪ್ಯೂಟರಿನಲ್ಲಿ ಸದ್ದು ಬರುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಡ್ರೈವರ್ ಕಡೆಗೇ, ಅಂದರೆ ಸೌಂಡ್ ಚಿಪ್ಪಿಗೂ ವಿಂಡೋಸಿಗೂ ನಡುವೆ ನಿಂತ ತಂತ್ರಾಂಶದ ಕಡೆಗೆ. ಅದನ್ನು ಕಿತ್ತು ಮತ್ತೆ ಹಾಕುವುದು, ಆಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕುವುದು, ಅದಕ್ಕೂ ಜಗ್ಗದಿದ್ದರೆ "ಬೋರ್ಡಿನ ಸೌಂಡ್ ಚಿಪ್ ಹೋಗಿದೆ, ಹೊಸ ಕಾರ್ಡ್ ತಗೊಳ್ಳಿ" ಅಂತ ಕೈತೊಳೆದುಕೊಳ್ಳುವುದು. ನಾನೂ ಮೊದಮೊದಲು ಇದೇ ದಾರಿ ಹಿಡಿದಿದ್ದೆ. ಈಗಿನ ನನ್ನ ಕ್ರಮ ಇದಕ್ಕೆ ತಲೆಕೆಳಗು: ಸ್ಪೀಕರಿನಿಂದ ಶುರು, ಡ್ರೈವರ್ ಕಟ್ಟಕಡೆಗೆ. ಹೇಳಿದಾಗ ಒಪ್ಪಿದವರು ಕಡಿಮೆ. ವೈರು ಹಿಡಿದುಕೊಂಡು ಹೊತ್ತು ಕಳೆಯುತ್ತೀರಿ ಅಂದವರೇ ಹೆಚ್ಚು. ಆದರೆ ಚಿಪ್ ಸತ್ತಿದೆ ಅಂತ ತೀರ್ಮಾನವಾಗಿ ನನ್ನ ಕೈಗೆ ಬಂದ ಯಂತ್ರಗಳಲ್ಲಿ, ನೆನಪಿನ ಲೆಕ್ಕಕ್ಕೆ, ಹತ್ತಕ್ಕೆ ಏಳೆಂಟು ಒಂದು ಬಿಡಿಭಾಗವನ್ನೂ ಕೊಳ್ಳದೆ ಮತ್ತೆ ಹಾಡಿವೆ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇಡೀ ಕ್ರಮ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಸದ್ದು ವಿಂಡೋಸನ್ನು ದಾಟಿ ಹೊರಗೆ ಬಂದಿದೆಯೋ, ಒಳಗೇ ಸತ್ತಿದೆಯೋ? ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಬರುವ ರನ್ ಪೆಟ್ಟಿಗೆಯಲ್ಲಿ ಎಂ-ಎಂ-ಎಸ್-ವೈ-ಎಸ್ ಡಾಟ್ ಸಿ-ಪಿ-ಎಲ್ ಹೊಡೆದರೆ ಹಳೆಯ ಸೌಂಡ್ ಕಿಟಕಿ ತೆರೆಯುತ್ತದೆ. ಮ್ಯೂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದು ಹಾಡು ಹಾಕಿ, ಪ್ಲೇಬ್ಯಾಕ್ ಪುಟದಲ್ಲಿ ಪ್ರತಿ ಸಾಧನದ ಬಲಬದಿಯ ಪಟ್ಟಿ ನೋಡಿ. ಪಟ್ಟಿ ಹಸಿರಾಗಿ ಕುಣಿಯುತ್ತಿದ್ದರೆ ಹಾಡು ಹಾಡುವ ಆ್ಯಪ್, ಆಡಿಯೋ ಸೇವೆ, ಮಿಕ್ಸರ್ ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ. ಕುಣಿಯದಿದ್ದರೆ ವೈರು ಎಷ್ಟು ಅಲ್ಲಾಡಿಸಿದರೂ ಪ್ರಯೋಜನವಿಲ್ಲ. ಯಾರ ಪಟ್ಟಿ ಕುಣಿಯುತ್ತಿದೆ ಅನ್ನುವುದನ್ನೂ ನೋಡಬೇಕು, ನಾನು ಎಡವಿದ್ದು ಇಲ್ಲೇ. ಸ್ಪೀಕರ್ ಸಿಕ್ಕಿಸಿರುವುದು ಹಸಿರು ತೂತಿಗೆ, ಕುಣಿಯುತ್ತಿರುವುದು ರಿಯಲ್‌ಟೆಕ್ ಡಿಜಿಟಲ್ ಔಟ್‌ಪುಟ್ ಪಟ್ಟಿ ಅಂದರೆ ಸದ್ದು ಬೇರೆ ಬಾಗಿಲಿನಿಂದ ಹೋಗುತ್ತಿದೆ.

ಆ ಕಿಟಕಿ ತೆರೆದೇ ಇರಲಿ. ಈಗ ಸ್ಪೀಕರಿಗೆ ಬನ್ನಿ. ಪಿನ್ನನ್ನು ಕಂಪ್ಯೂಟರಿನಿಂದ ಎಳೆದು, ಸ್ಪೀಕರ್ ಆನ್ ಇಟ್ಟು, ವಾಲ್ಯೂಮ್ ಮೂರನೇ ಒಂದು ಭಾಗಕ್ಕೆ ತಿರುಗಿಸಿ, ಪಿನ್ನಿನ ತುದಿಯನ್ನು ಬೆರಳಿನಿಂದ ಮುಟ್ಟಿ. ಗುಂಯ್ ಅಂದರೆ ಆ ಬದಿಯ ಸ್ಪೀಕರ್, ಆಂಪ್ಲಿಫೈಯರ್, ವೈರು ಮೂರೂ ಸರಿ. ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್, ಎರಡನ್ನೂ ಬೇರೆ ಬೇರೆ ಮುಟ್ಟಿ ನೋಡಿ. ಅರ್ಧ ನಿಮಿಷದ ಕೆಲಸ. ಬ್ಯಾಟರಿ ಸ್ಪೀಕರಿನಲ್ಲಿ ಈ ಗುಂಯ್ ತೀರಾ ಮೆಲ್ಲಗಿರುತ್ತದೆ, ಕೆಲವೊಮ್ಮೆ ಕೇಳುವುದೇ ಇಲ್ಲ. ಅಂಥದ್ದಕ್ಕೆ ಮೊಬೈಲನ್ನೋ ಬೇರೆ ಯಾವುದಾದರೂ ಹಾಡುವ ಪೆಟ್ಟಿಗೆಯನ್ನೋ ಸಿಕ್ಕಿಸಿ.

ಹೆಡ್‌ಫೋನಿಗೆ ಇನ್ನೊಂದು ಗುರುತು ಇದೆ. ವಾದ್ಯಗಳು ಕೇಳುತ್ತವೆ, ಹಾಡುವವರ ಕಂಠ ಮಾತ್ರ ಬಾವಿಯೊಳಗಿಂದ ಬಂದಂತೆ ಕ್ಷೀಣ. ಇದು ಹೆಚ್ಚಾಗಿ ಗ್ರೌಂಡ್, ಅಂದರೆ ಎಡ ಬಲ ಎರಡಕ್ಕೂ ಸೇರಿದ ವಾಪಸು ದಾರಿ, ಬಿಟ್ಟುಹೋದ ಲಕ್ಷಣ. ಗ್ರೌಂಡ್ ಇಲ್ಲದಾಗ ಎಡ ಬಲಗಳ ವ್ಯತ್ಯಾಸ ಮಾತ್ರ ಕಿವಿಗೆ ಬರುತ್ತದೆ. ಕಂಠವನ್ನು ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರಾದ್ದರಿಂದ ಅದು ಕಳೆದುಹೋಗುತ್ತದೆ. ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಹೀಗೇ. ನಾಲ್ಕು ಭಾಗದ ಮೈಕ್ ಪಿನ್ನಿನಲ್ಲಿ ಮೈಕ್ ಮತ್ತು ಗ್ರೌಂಡ್ ಅದಲುಬದಲಾಗಿರುವ ಹಳೆಯ ಒಎಂಟಿಪಿ ಜೋಡಣೆಯನ್ನು ಈಗಿನ ಸಿಟಿಐಎ ಜಾಕಿಗೆ ಹಾಕಿದರೂ ಹೀಗೇ. ಇದಕ್ಕೆಂದು ನಾನು ಈಕ್ವಲೈಜರ್ ತಿರುಗಿಸುತ್ತಾ ಎರಡು ಸಂಜೆ ಕಳೆದದ್ದುಂಟು. ಕೊನೆಗೆ ಪಿನ್ನನ್ನು ಇನ್ನೊಂದು ಮಿಲಿಮೀಟರ್ ಒತ್ತಿದಾಗ ಸರಿಹೋಯಿತು. ಕ್ಯಾಬಿನೆಟ್ಟಿನ ಹಿಂಬದಿಯ ತಗಡಿನ ತೂತು ಚಿಕ್ಕದಾಗಿ, ದಪ್ಪ ಪಿನ್ನಿನ ರಬ್ಬರ್ ಅದಕ್ಕೆ ತಾಗಿ ನಿಂತಿತ್ತು.

ಸ್ಪೀಕರ್ ಸರಿಯಿದೆ, ಸರಿಯಾದ ಪಟ್ಟಿಯೂ ಕುಣಿಯುತ್ತಿದೆ, ಸದ್ದಿಲ್ಲ. ಆಗ ಉಳಿಯುವುದು ಜಾಕು, ಅಂದರೆ ಪಿನ್ ಸಿಕ್ಕಿಸುವ ತೂತು. ಇಂಟೆಲ್ 2004ರಲ್ಲಿ ತಂದ ಹೈ ಡೆಫಿನಿಷನ್ ಆಡಿಯೋ ಬೋರ್ಡುಗಳಲ್ಲಿ ಪ್ರತಿ ಜಾಕಿನ ಒಳಗೆ ಒಂದು ಸಣ್ಣ ಸ್ವಿಚ್ಚು, ಅದರ ಜೊತೆಗೆ ಒಂದು ರೆಸಿಸ್ಟರ್ ಇರುತ್ತದೆ: 5.1, 10, 20, 39.2 ಕಿಲೋ ಓಮ್ ಹೀಗೆ ಒಂದೊಂದಕ್ಕೆ ಒಂದು ಬೆಲೆ. ಚಿಪ್ ಈ ರೆಸಿಸ್ಟರುಗಳ ಒಟ್ಟು ಮೌಲ್ಯವನ್ನು ಅಳೆದು ಯಾವ ಜಾಕಿನಲ್ಲಿ ಪಿನ್ ಇದೆ ಅಂತ ಲೆಕ್ಕ ಹಾಕುತ್ತದೆ. ಸ್ವಿಚ್ಚಿನ ತಗಡಿಗೆ ಕಿಲುಬು ಹಿಡಿದರೆ ಲೆಕ್ಕವೇ ತಪ್ಪಿತು. ಮುಂದಿನ ಜಾಕಿನಲ್ಲಿ ಹೆಡ್‌ಫೋನ್ ಇದೆ ಅಂತ ಅಂದುಕೊಂಡು ಹಿಂದಿನ ಸ್ಪೀಕರನ್ನು ಮುಚ್ಚಿಬಿಡುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್ ಏಕಾಏಕಿ ಮೂಕವಾಗುವುದಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಇದೇ. ಹಳೆಯ ಮ್ಯಾಕ್‌ಬುಕ್‌ಗಳಲ್ಲಂತೂ ಇದು ಕಣ್ಣಿಗೇ ಕಾಣುತ್ತಿತ್ತು. ಅವುಗಳ ಹೆಡ್‌ಫೋನ್ ಜಾಕಿನಲ್ಲೇ ಆಪ್ಟಿಕಲ್ ಔಟ್‌ಪುಟ್ಟೂ ಇತ್ತು. ಸ್ವಿಚ್ಚು ಸಿಕ್ಕಿಕೊಂಡರೆ ತೂತಿನೊಳಗೆ ಕೆಂಪು ಬೆಳಕು, ಸ್ಪೀಕರ್ ಮೌನ.

ಮದ್ದು ಸರಳ. ಖಾಲಿ ಪಿನ್ನನ್ನು ಇಪ್ಪತ್ತು ಸಲ ಹಾಕಿ ತೆಗೆಯಿರಿ, ಒಳಗೇ ಸ್ವಲ್ಪ ತಿರುಗಿಸಿ. ಹೋಗದಿದ್ದರೆ ಯಂತ್ರ ಪೂರ್ತಿ ಆರಿಸಿ, ಪಿನ್ನಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮತ್ತೆ ಹತ್ತು ಸಲ, ಆಮೇಲೆ ಕಾಲು ಗಂಟೆ ಒಣಗಲು ಬಿಡಿ. ಹತ್ತಿ ಸುತ್ತಿದ ಕಡ್ಡಿ ತೂರಿಸಬೇಡಿ, ಎಳೆ ಒಳಗೆ ಉಳಿದು ಸ್ವಿಚ್ಚನ್ನು ಇನ್ನಷ್ಟು ಕೆಡಿಸುತ್ತದೆ. ಮುರಿದು ಒಳಗೆ ಉಳಿದ ಪಿನ್ ತುದಿಯನ್ನು ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೈ ಪಳಗದವರು ಮಾಡಿದರೆ ಜಾಕೇ ಕಿತ್ತು ಬರುತ್ತದೆ.

ಡೆಸ್ಕ್‌ಟಾಪ್ ಆದರೆ ಪಕ್ಕದ ಬಾಗಿಲು ತೆಗೆದು ಮುಂಭಾಗದ ಆಡಿಯೋ ವೈರನ್ನು ಬೋರ್ಡಿನಿಂದ ಕಿತ್ತುಬಿಡುವುದು ನನ್ನ ಮೆಚ್ಚಿನ ಪರೀಕ್ಷೆ. ಕಿತ್ತ ಮೇಲೆ ಹಿಂದಿನ ಜಾಕಿನಲ್ಲಿ ಸದ್ದು ಬಂತೋ, ಮುಂದಿನ ಜಾಕೇ ಕಳ್ಳ. ಬೋರ್ಡಿನ ಮೇಲೆ ಆ ಪಿನ್ನುಗಳ ಹೆಸರು ಆಸುಸ್‌ನಲ್ಲಿ ಎಎಎಫ್‌ಪಿ, ಗಿಗಾಬೈಟ್‌ನಲ್ಲಿ ಎಫ್-ಆಡಿಯೋ, ಎಂಎಸ್ಐಯಲ್ಲಿ ಜೆಎಯುಡಿ 1. ಪಕ್ಕದ ಯುಎಸ್‌ಬಿ ಗುಂಪಿನಂತೆಯೇ ಕಾಣುತ್ತದೆ. ಆಡಿಯೋದಲ್ಲಿ 8ನೇ ಪಿನ್ ಇರುವುದಿಲ್ಲ, ಯುಎಸ್‌ಬಿಯಲ್ಲಿ 9ನೆಯದು ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಯಾರೋ ಬಲವಂತವಾಗಿ ತಪ್ಪು ಜಾಗಕ್ಕೆ ಒತ್ತಿ ಪಿನ್ ಬಗ್ಗಿಸಿದ ಬೋರ್ಡನ್ನೂ ನೋಡಿದ್ದೇನೆ. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಒಂದೇ ವೈರಿಗೆ ಎರಡು ತಲೆ ಇರುತ್ತವೆ, ಒಂದು ಎಚ್‌ಡಿ ಆಡಿಯೋ, ಇನ್ನೊಂದು ಅದಕ್ಕೂ ಹಿಂದಿನ ಪದ್ಧತಿಯಾದ ಎಸಿ 97. ಹೊಸ ಬೋರ್ಡಿಗೆ ಎಸಿ 97 ತಲೆ ಹಾಕಿದರೆ ಜಾಕ್ ಗುರುತಿಸುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಎಸಿ 97 ಬೋರ್ಡುಗಳದು ಇದಕ್ಕೆ ಉಲ್ಟಾ ಕಥೆ: ಮುಂದಿನ ವೈರು ಕಿತ್ತರೆ ಹಿಂದಿನ ಸದ್ದೂ ನಿಲ್ಲುತ್ತದೆ. 5-6 ಮತ್ತು 9-10 ಪಿನ್ನುಗಳಿಗೆ ಜಂಪರ್ ಟೋಪಿ ಹಾಕಿದರೆ ಮಾತ್ರ ಮತ್ತೆ ಬರುತ್ತದೆ. ಆ ಎರಡು ಪುಟ್ಟ ಟೋಪಿ ಕಳೆದುಹೋದದ್ದಕ್ಕೆ ಬೋರ್ಡೇ ಗುಜರಿಗೆ ಹೋಗಿದ್ದು ನೋಡಿ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇಲ್ಲೊಂದು ಪ್ರಯೋಗ ಮಾಡಿದೆ. ಜಾಕಿನಿಂದ ನಿಜಕ್ಕೂ ಏನಾದರೂ ಹೊರಬರುತ್ತಿದೆಯೇ ಅಂತ ಮಲ್ಟಿಮೀಟರಿನಲ್ಲಿ ಅಳೆಯಬಹುದೇ? ಮೊದಲು 1000 ಹರ್ಟ್ಸ್ ನಾದ ಹಾಕಿದೆ, ಮೀಟರ್ ಏನೇನೋ ತೋರಿಸಿತು. ಅಗ್ಗದ ಮೀಟರುಗಳ ಎಸಿ ಅಳತೆ ಸುಮಾರು 400 ಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. 100 ಹರ್ಟ್ಸ್ ನಾದ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಪಿನ್ನಿನ ಬುಡಕ್ಕೂ ತುದಿಗೂ ಹಿಡಿದಾಗ ಸರಿಯಿರುವ ಬೋರ್ಡಿನಲ್ಲಿ ಅಂದಾಜು 1 ವೋಲ್ಟ್ ಆಸುಪಾಸು ಬಂತು. ಸತ್ತ ಚಾನೆಲಿನಲ್ಲಿ ಬರೀ ಸೊನ್ನೆ. ಎಸಿ ಶ್ರೇಣಿ 200 ವೋಲ್ಟಿನಿಂದಲೇ ಶುರುವಾಗುವ ಮೀಟರು ಇದಕ್ಕೆ ಸಾಲದು, 2 ವೋಲ್ಟ್ ಶ್ರೇಣಿ ಬೇಕು. ಅಳೆಯುವಾಗ ಹೆಡ್‌ಫೋನ್ ಕಿವಿಯಲ್ಲಿ ಇರಲೇಬಾರದು.

ಇನ್ನು ಪಟ್ಟಿ ಕುಣಿಯದ ಪ್ರಕರಣಗಳು. ಹೆಚ್ಚಿನವು ವಾಲ್ಯೂಮ್ ಮಿಕ್ಸರಿನಲ್ಲಿ ಒಂದೇ ಆ್ಯಪ್ ಸೊನ್ನೆಗಿಳಿದದ್ದು, ಬ್ರೌಸರಿನ ಟ್ಯಾಬ್ ಮ್ಯೂಟ್ ಆದದ್ದು, ಆ್ಯಪ್ ತನ್ನದೇ ಬೇರೆ ಔಟ್‌ಪುಟ್ ಹಿಡಿದು ಕೂತದ್ದು. ಬ್ರೌಸರಿನಲ್ಲಿ ಇಲ್ಲ, ಬೇರೆ ಪ್ಲೇಯರಿನಲ್ಲಿ ಇದೆ ಅಂದರೆ ಅಲ್ಲಿಗೇ ಹುಡುಕಾಟ ಮುಗಿಯಿತು. ಒಂದು ಆ್ಯಪ್ ಎಕ್ಸ್‌ಕ್ಲೂಸಿವ್ ಮೋಡಿನಲ್ಲಿ ಸಾಧನವನ್ನು ಹಿಡಿದಿದ್ದರೆ ಉಳಿದವೆಲ್ಲ ಮೂಕ. ಸಾಧನದ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ಪುಟದಲ್ಲಿ ಎಕ್ಸ್‌ಕ್ಲೂಸಿವ್ ಮೋಡಿನ ಎರಡು ಟಿಕ್ ಗುರುತು ತೆಗೆದು, ಜೊತೆಗೇ 48000 ಹರ್ಟ್ಸ್‌ನ ಸಾಮಾನ್ಯ ಫಾರ್ಮ್ಯಾಟಿಗೆ ಇಳಿಸಿ. ಎನ್‌ಹಾನ್ಸ್‌ಮೆಂಟು ಅನ್ನುವ ಸದ್ದಿನ ಎಫೆಕ್ಟುಗಳನ್ನೂ ಆಫ್ ಮಾಡಿಯೇ ಪರೀಕ್ಷಿಸಿ. ಬ್ಲೂಟೂತ್ ಹೆಡ್‌ಸೆಟ್ಟು ಎರಡು ಹೆಸರಲ್ಲಿ ಕಾಣುತ್ತಿದ್ದರೆ ಸ್ಟೀರಿಯೋ ಅಂತ ಇರುವುದನ್ನೇ ಆರಿಸಿ. ಹ್ಯಾಂಡ್ಸ್-ಫ್ರೀ ಹೆಸರಿನದು ಕರೆಗೆ ಮಾತ್ರ.

ಸೇವೆ ಸಿಕ್ಕಿಕೊಂಡಿದ್ದರೆ ವಿಂಡೋಸ್ ಆಡಿಯೋ ಒಂದನ್ನೇ ಮರುಚಾಲೂ ಮಾಡಿ ಸುಮ್ಮನಾಗಬೇಡಿ. ಅದು ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಅನ್ನುವ ಇನ್ನೊಂದು ಸೇವೆಯನ್ನು ಆತುಕೊಂಡಿದೆ. ಬಿಲ್ಡರನ್ನು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಆಡಿಯೋವನ್ನೂ ಮಾಡಲೇ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ.

ಪ್ಲೇಬ್ಯಾಕ್ ಪುಟದಲ್ಲಿ ಸಾಧನವೇ ಇಲ್ಲದಿದ್ದರೆ? ಜನ ಚಿಪ್ ಸತ್ತಿದೆ ಅನ್ನುವುದು ಇಲ್ಲೇ, ನಾನು ಗೆದ್ದದ್ದೂ ಇಲ್ಲೇ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಬಂದ ಮೇಲೆ ಶಟ್‌ಡೌನ್ ಅಂದರೆ ಪೂರ್ತಿ ಆರುವುದಲ್ಲ. ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯೂ ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ವಿಂಡೋಸ್ ಹೊಸದಾಗಿ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ಚಿಪ್ಪೇ ನಿದ್ದೆಯ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು. ಹಾಗಿದ್ದರೆ, ಆರಿಸಿದ ಮೇಲೂ ಬೋರ್ಡಿಗೆ ಹರಿಯುವ ಸ್ಟ್ಯಾಂಡ್‌ಬೈ ವಿದ್ಯುತ್ ಇರುವವರೆಗೆ ಅದು ಏಳದೆ ಇರಬಹುದು. ಗೋಡೆಯ ಪ್ಲಗ್ ಕೀಳಿ, ಯುಎಸ್‌ಬಿ ಸಾಧನ ಮತ್ತು ಎಚ್‌ಡಿಎಂಐ ವೈರನ್ನೂ ಕೀಳಿ, ಯಾಕೆಂದರೆ ಮಾನಿಟರ್ ಕಡೆಯಿಂದಲೂ ಒಂದಿಷ್ಟು ವಿದ್ಯುತ್ ಸೋರಿ ಬರುವುದುಂಟು. ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಹಾಕಿ. ಬರೀ ಬಟನ್ ಒತ್ತಿ ಸೋತವರು ವೈರು ಕೀಳುವುದನ್ನು ಬಿಟ್ಟಿರುತ್ತಾರೆ. ಇದಾದ ಮೇಲೂ ಇಲ್ಲದಿದ್ದರೆ ಬಯಾಸಿನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗಿನಲ್ಲಿ, ಎಚ್‌ಡಿ ಆಡಿಯೋ ಎನೇಬಲ್ ಇದೆಯೇ ನೋಡಿ. ಬೋರ್ಡಿನ ಮೇಲಿನ ಸಿಆರ್ 2032 ಬ್ಯಾಟರಿ ಸತ್ತು ಹೊಂದಾಣಿಕೆಗಳು ಅಳಿಸಿಹೋದ ಯಂತ್ರದಲ್ಲಿ ಇದನ್ನೂ ಒಮ್ಮೆ ನೋಡಲೇಬೇಕು.

ಕೊನೆಗೆ ಡ್ರೈವರ್. ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಯಾರ ಚಿಪ್ ಅಂತ ಗೊತ್ತಾಗುತ್ತದೆ: 10ಇಸಿ ರಿಯಲ್‌ಟೆಕ್, 10ಡಿಇ ಎನ್‌ವಿಡಿಯಾ, 1002 ಎಎಂಡಿ, 8086 ಇಂಟೆಲ್. ತಯಾರಕರ ಡ್ರೈವರ್ ಹುಡುಕುವ ಮೊದಲು ವಿಂಡೋಸಿನೊಳಗೇ ಇರುವ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಅನ್ನುವ ಸಾಮಾನ್ಯ ಡ್ರೈವರನ್ನು ಕೈಯಾರೆ ಆರಿಸಿ ಹಾಕಿ. ಎಫೆಕ್ಟುಗಳು ಹೋಗುತ್ತವೆ, ಸದ್ದು ಬರುತ್ತದೆ. ಎಷ್ಟೋ ಯಂತ್ರಗಳನ್ನು ನಾನು ಹಾಗೇ ಬಿಟ್ಟಿದ್ದೇನೆ, ಯಾರೂ ವ್ಯತ್ಯಾಸ ಕಂಡುಹಿಡಿದಿಲ್ಲ.

ಚಿಪ್ ಸತ್ತಿದೆಯೋ ಇಲ್ಲವೋ ಅನ್ನುವ ಜಗಳ ತೀರಿಸಲು ಲಿನಕ್ಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿ. ಅಲ್ಲಿ ಸದ್ದು ಬಂದರೆ ಹಾರ್ಡ್‌ವೇರ್ ಗಟ್ಟಿ. ಬರದಿದ್ದರೆ ಅವಸರ ಬೇಡ, ಲಿನಕ್ಸಿನ ವಾಲ್ಯೂಮ್ ನಿಯಂತ್ರಕವಾದ ಆಲ್ಸಾಮಿಕ್ಸರ್ ತೆರೆದು ಎಫ್ 6 ಒತ್ತಿ ಸರಿಯಾದ ಕಾರ್ಡ್ ಆಯ್ದುಕೊಳ್ಳಿ, ಎಂಎಂ (ಅಂದರೆ ಮ್ಯೂಟ್) ಅಂತ ಇರುವ ಕಡೆ ಎಂ ಒತ್ತಿ ಸೊನ್ನೆ ಸೊನ್ನೆ ಮಾಡಿ, ಆಟೋ-ಮ್ಯೂಟ್ ಆಫ್ ಮಾಡಿ. ಆಟೋ-ಮ್ಯೂಟ್ ಆಫ್ ಮಾಡಿದ ಕೂಡಲೇ ಸ್ಪೀಕರ್ ಹಾಡಿದರೆ ಮತ್ತೆ ಅದೇ ಜಾಕಿನ ಸ್ವಿಚ್ಚು. ಸ್ಪೀಕರಿಗೆ ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳು ಲಿನಕ್ಸಿನಲ್ಲಿ ಹೆಡ್‌ಫೋನಿಗೆ ಮಾತ್ರ ಹಾಡುತ್ತವೆ, ಅದನ್ನು ನೋಡಿ ಮೋಸಹೋಗಬೇಡಿ.

ದುಡ್ಡಿನ ಮಾತು. ನಾನು ಕಳೆದುಕೊಂಡದ್ದು ಒಂದು ಒಳಗಿನ ಸೌಂಡ್ ಕಾರ್ಡ್, ಎರಡು ಜೊತೆ ಸ್ಪೀಕರ್. ಆ ಕಾರ್ಡ್ ಹಾಕಿದ ಮೇಲೂ ಯಂತ್ರ ಮೂಕವಾಗಿಯೇ ಇತ್ತು. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದಾಗ ಎಚ್‌ಡಿಎಂಐ ಮಾನಿಟರ್ ಡೀಫಾಲ್ಟ್ ಆಗಿ ಕೂತಿತ್ತು. ಸ್ಪೀಕರೇ ಇಲ್ಲದ ಮಾನಿಟರಿನಲ್ಲಿ ಹಸಿರು ಪಟ್ಟಿ ಸಂಭ್ರಮದಿಂದ ಕುಣಿಯುತ್ತಿತ್ತು. ಇವತ್ತು ಏನಾದರೂ ಕೊಳ್ಳಬೇಕಾದರೆ ಯುಎಸ್‌ಬಿ ಸೌಂಡ್ ಕಾರ್ಡ್ ಒಂದೇ, ಅತ್ಯಂತ ಅಗ್ಗದ್ದೇ ಸಾಕು. ಅದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಹಾಕುವುದು ಬೇಡ. ಸಿಕ್ಕಿಸಿದಾಗ ಸದ್ದು ಬಂದರೆ ವಿಂಡೋಸ್, ಸೇವೆ, ಆ್ಯಪ್, ಸ್ಪೀಕರ್ ಎಲ್ಲವೂ ಒಂದೇ ಏಟಿಗೆ ನಿರ್ದೋಷಿ. ಚಿಪ್ ನಿಜಕ್ಕೂ ಹೋಗಿದ್ದರೆ ಅದನ್ನೇ ಕಾಯಂ ಬಿಟ್ಟು, ಬಯಾಸಿನಲ್ಲಿ ಬೋರ್ಡಿನ ಆಡಿಯೋ ಆಫ್ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ಎರಡೂ ಡೀಫಾಲ್ಟ್ ಜಾಗಕ್ಕೆ ಕಿತ್ತಾಡುತ್ತವೆ.

ಯಂತ್ರ ಒಪ್ಪಿಸುವ ಮೊದಲು ಇನ್ನೊಂದು ಕೆಲಸ: ಪ್ಲೇಬ್ಯಾಕ್ ಪುಟದಲ್ಲಿ ಬಳಸದ ಎಚ್‌ಡಿಎಂಐ ಮತ್ತು ಡಿಜಿಟಲ್ ಔಟ್‌ಪುಟ್‌ಗಳನ್ನು ಡಿಸೇಬಲ್ ಮಾಡಿ. ಬರೀ ಡೀಫಾಲ್ಟ್ ಬದಲಾಯಿಸಿ ಬಿಟ್ಟರೆ ಮುಂದಿನ ಗ್ರಾಫಿಕ್ಸ್ ಅಪ್‌ಡೇಟಿಗೆ ಅದೇ ಯಂತ್ರ ಅದೇ ದೂರಿನೊಂದಿಗೆ ಮತ್ತೆ ಬರುತ್ತದೆ. ದೊಡ್ಡ ಅಪ್‌ಡೇಟ್ ಆದ ದಿನ ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಲು ಮನೆಯವರಿಗೂ ಹೇಳಿಕೊಟ್ಟು ಬನ್ನಿ.