ಸರ್ಪಸುತ್ತಿನ ನೋವು, ಸಿಬಿಡಿ ಎಣ್ಣೆ ಮತ್ತು ನನ್ನ ಅನುಭವ

ಶಿರಸಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಈಚೆಗೆ ಸಿಬಿಡಿ, ಅಂದರೆ ಗಾಂಜಾ ಗಿಡದಲ್ಲಿರುವ, ಅಮಲು ತರದ ಕ್ಯಾನಬಿಡಿಯಾಲ್ ಅನ್ನುವ ಅಂಶದ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಮಂಡಿನೋವಿನ ಅಜ್ಜಿಯರ ಮಕ್ಕಳು, ನಿದ್ದೆ ಬಾರದ ಮೇಷ್ಟ್ರು, ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು, ಎಲ್ಲರೂ ಮೊಬೈಲ್‌ನಲ್ಲಿ ಫೋಟೋ ತೋರಿಸಿ ಕೇಳುತ್ತಾರೆ. "ಅಕ್ಕಾ, ಇದು ಗಾಂಜಾ ಅಲ್ವಾ? ತಗೊಂಡ್ರೆ ಪೊಲೀಸರು ಹಿಡೀತಾರಾ?" ಕೌಂಟರ್‌ನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ನಾನೇ ಕೆಲವು ವಾರ ಆ ಎಣ್ಣೆ ತೆಗೆದುಕೊಂಡಿದ್ದೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ ಸರ್ಪಸುತ್ತು ಆಗಿತ್ತು. ಚಿಕ್ಕವರಿದ್ದಾಗ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ತಂದ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಏಳುವ ಕಾಯಿಲೆ ಇದು. ಗುಳ್ಳೆ ಒಣಗಿದವು, ನೋವು ಹೋಗಲಿಲ್ಲ. ಎಡ ಪಕ್ಕೆಯ ಮೇಲೆ ರವಿಕೆಯ ಬಟ್ಟೆ ತಾಗಿದರೆ ಸಾಕು, ಬೆಂಕಿ ತಾಗಿದ ಹಾಗೆ ಉರಿ. ಸೀರೆ ಬಿಟ್ಟು ಸಡಿಲ ನೈಟಿಯಲ್ಲೇ ಇರುತ್ತಿದ್ದೆ. ರಾತ್ರಿ ಫ್ಯಾನಿನ ಗಾಳಿಯೂ ಬೇಡ. ವೈದ್ಯರು ನರದ ನೋವಿಗೆ ಕೊಡುವ ಪ್ರಿಗಾಬಾಲಿನ್ ಮಾತ್ರೆ ಬರೆದಿದ್ದರು. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿ ನಿದ್ದೆ ಇಲ್ಲ. ಆಗ ನಮ್ಮ ಕಡೆಯ ಒಬ್ಬ ಆಯುರ್ವೇದ ವೈದ್ಯರು ವಿಜಯಾ ಎಲೆಯ ಸತ್ವದ ಎಣ್ಣೆ ಬರೆದುಕೊಟ್ಟರು. ವಿಜಯಾ ಅಂದರೆ ಭಂಗಿಯೇ, ಅದೇ ಗಾಂಜಾ ಗಿಡ.

ಬರೆದುಕೊಟ್ಟ ಚೀಟಿ ಕೈಯಲ್ಲಿದ್ದರೂ ನಾನು ಮೊದಲು ನೋಡಿದ್ದು ಕಾನೂನು. ಔಷಧ ಮಾರುವವಳು, ಲೈಸೆನ್ಸ್ ನನ್ನ ಹೆಸರಲ್ಲಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಸಿಬಿಡಿ ಅಂತ ಬೇರೆ ಸಾಲು ಇಲ್ಲ. ಅಲ್ಲಿ ಲೆಕ್ಕ ಇರುವುದು ಗಿಡದ ಯಾವ ಭಾಗ ಅನ್ನುವುದಕ್ಕೆ. ಹೂ, ಕಾಯಿ ಬಿಟ್ಟ ತುದಿ ಗಾಂಜಾ. ಗಿಡದಿಂದ ಬೇರೆ ಮಾಡಿದ ಅಂಟು ಯಾವ ರೂಪದಲ್ಲಿದ್ದರೂ ಚರಸ್, ಅದರ ಗಟ್ಟಿ ಎಣ್ಣೆಯೂ ಅದರಲ್ಲೇ ಸೇರಿತು. ಹೂವಿನ ತುದಿ ಜೊತೆಗಿಲ್ಲದ ಬರಿ ಎಲೆ ಮತ್ತು ಬೀಜ ಮಾತ್ರ ಈ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿ ನಮ್ಮ ದೇಶದಲ್ಲಿ ಕಾನೂನಿನ ಬಾಗಿಲಿನಿಂದ ಬರುವ ಸಿಬಿಡಿ ಎಣ್ಣೆ ಅಂದರೆ ಎಲೆಯಿಂದ ತೆಗೆದು, ಆಯುರ್ವೇದ ಔಷಧದ ಲೈಸೆನ್ಸಿನ ಕೆಳಗೆ ಮಾಡಿದ್ದು. ಅದೇ ಸಿಬಿಡಿಯನ್ನು ಹೂವಿನಿಂದ ತೆಗೆದರೆ ಕಿಟಕಿಯಿಂದ ಬಂದದ್ದು. ಕೊಂಡವರಿಗೂ ಕೇಸು ಬೀಳಬಹುದು.

ಕೆಲವರು ಕೇಳುತ್ತಾರೆ, ತೋಟದ ಮೂಲೆಯಲ್ಲಿ ಒಂದು ಗಿಡ ಹಾಕಿ ಎಣ್ಣೆ ಕಾಯಿಸಿಕೊಂಡರೆ ಆಗದಾ ಅಂತ. ಆಗುವುದಿಲ್ಲ. ಪರವಾನಗಿ ಇಲ್ಲದೆ ಬೆಳೆಯುವುದಕ್ಕೇ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಡಿಕೆ ಮರದ ನೆರಳಲ್ಲಿ ಇದ್ದರೂ ಬೆಳೆ ಬೆಳೆಯೇ.

ಇನ್ನು ಬಾಟಲಿ. 30 ಎಂಎಲ್‌ನ ಗಾಢ ಕಂದು ಗಾಜು, ರಬ್ಬರ್ ಡ್ರಾಪರ್ ಮುಚ್ಚಳ. ಬೆಳಕಿಗೆ ಹಿಡಿದು ಲೇಬಲ್ ಪೂರ್ತಿ ಓದಿದೆ. ಔಷಧ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ, ಎಲ್ಲ ಇತ್ತು. ಭಂಗಿ ಔಷಧ ಕಾನೂನಿನ ಇ-1 ಪಟ್ಟಿಯಲ್ಲಿ ವಿಷದ್ರವ್ಯಗಳ ಜೊತೆ ಬರುತ್ತದೆ. ಆದ್ದರಿಂದ ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಲೇಬೇಕು. ಅದಿಲ್ಲದ ಬಾಟಲಿಯನ್ನು ನಾನು ಮುಟ್ಟುವುದಿಲ್ಲ.

ಆಮೇಲೆ ಮಿಲಿಗ್ರಾಂ. ಮುಂದೆ ದಪ್ಪ ಅಕ್ಷರದಲ್ಲಿ 1000 ಮಿಲಿಗ್ರಾಂ ಅಂತಿತ್ತು. ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿದರೆ ಅದು ಎಲೆಯ ಸತ್ವದ ತೂಕ, ಸಿಬಿಡಿಯದ್ದಲ್ಲ. ಸತ್ವದಲ್ಲಿ ಸಿಬಿಡಿ ಒಂದು ಪಾಲು, ಅಮಲು ತರುವ ಟಿಎಚ್‌ಸಿ ಇನ್ನೊಂದು ಪಾಲು, ಉಳಿದದ್ದು ಬೇರೆ. ಯಾವುದು ಎಷ್ಟು ಅನ್ನುವುದು ಆ ಬ್ಯಾಚಿನ ಲ್ಯಾಬ್ ವರದಿಯಲ್ಲಿ ಮಾತ್ರ ಸಿಗುತ್ತದೆ. ಕಂಪನಿಗೆ ಫೋನ್ ಮಾಡಿ ವರದಿ ತರಿಸಿಕೊಂಡೆ. ಬ್ಯಾಚ್ ನಂಬರ್ ಬಾಟಲಿಯದಕ್ಕೆ ಹೊಂದುತ್ತದಾ ಅಂತ ನೋಡಿದೆ. ಇದು ಅತಿಯಾಯಿತು ಅನ್ನಿಸಬಹುದು. ಆದರೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್ಲಿನ ಲೆಕ್ಕ ಸರಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಎಣ್ಣೆ ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸಿದೆ. ಸಿಬಿಡಿ ಜಾಸ್ತಿ ಪ್ರಮಾಣದಲ್ಲಿ ಹೋದರೆ ಕೆಲವರಲ್ಲಿ ಲಿವರಿನ ಕಿಣ್ವಗಳು ಏರುತ್ತವೆ. ಅಪಸ್ಮಾರದ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಜಾಸ್ತಿ. ಪ್ರಿಗಾಬಾಲಿನ್ ಬರೆದ ವೈದ್ಯರಿಗೂ ತಿಳಿಸಿದೆ. ಎರಡೂ ಮಂಪರು ತರುತ್ತವೆ, ಹಗಲು ಬೇಡ, ರಾತ್ರಿ ಮಾತ್ರ ಅಂದರು. ಅಲೋಪತಿಯವರಿಗೆ ಆಯುರ್ವೇದದ್ದು ಹೇಳಬಾರದು ಅಂತ ನಮ್ಮಲ್ಲಿ ಬಹಳ ಜನ ಸುಮ್ನೆ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಾಲಗೆಯ ಕೆಳಗೆ ಎರಡು ಹನಿಯಿಂದ ಶುರು ಮಾಡಿದೆ. ಹಸಿ ಹುಲ್ಲಿನ ವಾಸನೆ, ಕೊನೆಯಲ್ಲಿ ಕಹಿ. ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಏರಿಸಿದೆ. ಪ್ರತಿದಿನ ಊಟದ ಮೇಲೆಯೇ, ಒಂದೇ ಹೊತ್ತಿಗೆ. ಇದಕ್ಕೆ ಕಾರಣ ಇದೆ. ಸಿಬಿಡಿ ಕೊಬ್ಬಿನಲ್ಲಿ ಕರಗುವಂಥದ್ದು. ಜಿಡ್ಡಿನ ಊಟದ ಜೊತೆ ಹೋದರೆ ಖಾಲಿ ಹೊಟ್ಟೆಗಿಂತ ನಾಲ್ಕು ಪಟ್ಟಿನವರೆಗೆ ಜಾಸ್ತಿ ರಕ್ತಕ್ಕೆ ಸೇರಬಹುದು. ಒಂದು ದಿನ ಬರಿ ಗಂಜಿ, ಇನ್ನೊಂದು ದಿನ ತುಪ್ಪದ ಹೋಳಿಗೆ ಆದರೆ ಹನಿ ಅಷ್ಟೇ ಇದ್ದರೂ ಮೈಗೆ ಸಿಗುವುದು ಬೇರೆ ಬೇರೆ.

ಫಲ ಏನಾಯಿತು? ನಿದ್ದೆ ಸ್ವಲ್ಪ ಸುಧಾರಿಸಿತು. ಮಧ್ಯರಾತ್ರಿ ಎಚ್ಚರವಾದರೂ ಮತ್ತೆ ಕಣ್ಣು ಮುಚ್ಚುತ್ತಿತ್ತು. ಉರಿ ಮಾತ್ರ ಹೆಚ್ಚುಕಡಿಮೆ ಹಾಗೇ ಇತ್ತು. ನಿದ್ದೆ ಎಣ್ಣೆಯ ಸಿಬಿಡಿಯಿಂದ ಬಂತೋ, ಅದರಲ್ಲಿದ್ದ ಚೂರು ಟಿಎಚ್‌ಸಿಯಿಂದ ಬಂತೋ ಹೇಳುವ ಹಾಗಿಲ್ಲ. ಪ್ರಮಾಣ ಏರಿಸಿದಾಗ ಹೊಟ್ಟೆ ಸಡಿಲವಾಯಿತು, ಬೆಳಿಗ್ಗೆ ತಲೆ ಭಾರ. ಹಾಗೆ ಭಾರ ಇದ್ದ ದಿನಗಳಲ್ಲಿ ಕುಮಟಾಕ್ಕೆ ಹೋಗಬೇಕಾದರೆ ಬಸ್ಸೇ ಹತ್ತಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಅರೆ ಮಂಪರಲ್ಲಿ ಕಾರು ಓಡಿಸುವುದು ಯಾರ ಜೀವಕ್ಕೂ ಒಳ್ಳೆಯದಲ್ಲ. ಬಾಟಲಿ ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ಅಷ್ಟು ಬೆಲೆಗೆ ಅಷ್ಟೇ ಗುಣ ಸಾಲದು ಅನ್ನಿಸಿತು. ಆಮೇಲೆ ನೋವು ತಿಂಗಳುಗಳಲ್ಲಿ ತಾನಾಗಿ ಇಳಿಯಿತು.

ಸಿಬಿಡಿಗೆ ಗಟ್ಟಿ ಪುರಾವೆ ಇರುವ ಜಾಗವೂ ಇದೆ. ಮಕ್ಕಳಿಗೆ ಬರುವ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಅನ್ನುವ ಕಷ್ಟದ ಅಪಸ್ಮಾರಗಳಿಗೆ ಶುದ್ಧ ಸಿಬಿಡಿಯ ಎಪಿಡಯೋಲೆಕ್ಸ್ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಪ್ರಮಾಣ ಶುರುವಿಗೇ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 100 ಮಿಲಿಗ್ರಾಂ ಆಯಿತು. ಹನಿ ಲೆಕ್ಕದ ಬಾಟಲಿ ಅದಕ್ಕೆ ಎಲ್ಲಿಗೂ ಸಾಲದು. ಮಗುವಿನ ಫಿಟ್ಸ್ ಮಾತ್ರೆ ನಿಲ್ಲಿಸಿ ಈ ಎಣ್ಣೆ ಕೊಡುತ್ತೇನೆ ಅಂತ ಒಬ್ಬ ತಾಯಿ ಬಂದಾಗ ನನ್ನ ಎದೆ ಧಸಕ್ಕೆಂದಿತ್ತು. ಮಾತ್ರೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಜೀವಕ್ಕೇ ಅಪಾಯ.

ಗೋಕರ್ಣದ ಕಡೆಯಿಂದ ಲೇಬಲ್ಲೇ ಇಲ್ಲದ ಸಣ್ಣ ಶೀಶೆ ತಂದು ತೋರಿಸುವವರೂ ಇದ್ದಾರೆ. ಅದನ್ನು ಕುಡಿಯುವುದಿರಲಿ, ಜೇಬಲ್ಲಿ ಇಟ್ಟುಕೊಳ್ಳುವುದೂ ಅಪಾಯ. ಇನ್ನೊಂದು ಕಡೆ ಭಂಗಿ ಗಿಡದ ಬೀಜದ ಎಣ್ಣೆ, ಅಂದರೆ ಹೆಂಪ್ ಸೀಡ್ ಆಯಿಲ್. ಇದನ್ನು 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆಹಾರವಾಗಿ ಒಪ್ಪಿದೆ. ತಿನ್ನಲು ಅಡ್ಡಿಯಿಲ್ಲ, ಆದರೆ ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಿಬಿಡಿ ಅಂತ ದುಡ್ಡು ಕೊಟ್ಟು ಇದನ್ನು ತಂದವರು ಬಹಳ ಜನ.

ಭಟ್ಕಳ, ಮುರ್ಡೇಶ್ವರ, ಹೊನ್ನಾವರದಿಂದ ದುಬೈಗೆ ಹೋಗುವವರಿಗೆ ಬೇರೆಯೇ ಮಾತು. ಇಲ್ಲಿ ಚೀಟಿ ಇಟ್ಟುಕೊಂಡು ಸರಿಯಾಗಿ ಕೊಂಡ ಬಾಟಲಿಯೂ ಅಲ್ಲಿ ಅಪರಾಧವಾಗುತ್ತದೆ. ಸಿಂಗಪುರದಲ್ಲೂ ಹಾಗೇ. ಅಪ್ಪನ ಮಂಡಿಗೆ ಅಂತ ಸೂಟ್‌ಕೇಸಿನಲ್ಲಿ ಹಾಕಬೇಡಿ. ಕೆಲಸಕ್ಕೆ ಮೂತ್ರ ಪರೀಕ್ಷೆ ಇದ್ದವರಿಗೂ ಎಲೆಯ ಸತ್ವದ ಎಣ್ಣೆ ಬೇಡ. ಟಿಎಚ್‌ಸಿ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ನನಗೆ ಅತಿ ಭಯ ಇರುವುದು ಬೇರೆ ಮಾತ್ರೆಗಳ ಜೊತೆ ಸೇರುವುದರಲ್ಲಿ. ಆಲೆಮನೆಯ ಒಂದೇ ಗಾಣಕ್ಕೆ ಎರಡು ಮನೆಯ ಕಬ್ಬು ಬಂದ ಹಾಗೆ, ಸಿಬಿಡಿಯನ್ನೂ ಇನ್ನೆಷ್ಟೋ ಮಾತ್ರೆಗಳನ್ನೂ ಲಿವರಿನ ಅದೇ ಕಿಣ್ವಗಳು ಅರೆಯಬೇಕು. ಒಂದು ಕಾಯುತ್ತ ಉಳಿದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಹೋದ ಮಳೆಗಾಲ ಸಿದ್ದಾಪುರ ಕಡೆಯ ಒಬ್ಬರು ತಾಯಿಯ ಭುಜದ ನೋವಿಗೆ ಈ ಎಣ್ಣೆ ಕೇಳಿಕೊಂಡು ಬಂದರು. "ಅಮ್ಮ ಬೇರೆ ಏನು ಮಾತ್ರೆ ತಗೊಳ್ತಾರೆ?" ಅಂದೆ. "ಹಾರ್ಟಿಂದು, ವಾಲ್ವ್ ಹಾಕಿದಾಗಿನಿಂದ." ಪ್ಲಾಸ್ಟಿಕ್ ಚೀಲದಿಂದ ಸ್ಟ್ರಿಪ್‌ಗಳನ್ನು ಒಂದೊಂದಾಗಿ ಕೌಂಟರ್ ಮೇಲೆ ಇಟ್ಟರು. ಮೂರನೆಯದು ವಾರ್ಫರಿನ್, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮಾತ್ರೆ. ಸಿಬಿಡಿ ಸೇರಿದರೆ ಅದರ ಕೆಲಸ ಜಾಸ್ತಿಯಾಗಿ ರಕ್ತಸ್ರಾವ ಆಗಬಹುದು. ಅವರ ಎದುರಿಗೇ ಹೃದಯದ ವೈದ್ಯರಿಗೆ ಫೋನ್ ಹಚ್ಚಿದೆ. ಎಣ್ಣೆ ಬೇಡವೇ ಬೇಡ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಬಹಳ ದಿನ ಆಗಿದ್ದರೆ ಈ ವಾರವೇ ಮಾಡಿಸಿ ಅಂದರು. ಸಿದ್ದಾಪುರದವರು ಚೀಟಿಯ ಹಿಂದೆ ಐಎನ್‌ಆರ್ ಅಂತ ಬರೆಸಿಕೊಂಡು, ಎಣ್ಣೆ ಬಿಟ್ಟು ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ಹೋದರು.