ಟಿಬಿ ಕೋರ್ಸಿನ ಜೊತೆಜೊತೆಗೇ ಶುಗರ್ ಡೋಸ್: ಗೋವಂಡಿ ಕ್ಲಿನಿಕ್ಕಿನ ಅನುಭವ

ಟಿಬಿ ಕೋರ್ಸಿನ ಆರು ತಿಂಗಳೂ ಶುಗರ್ ಔಷಧ ಒಂದೇ ಡೋಸಿನಲ್ಲಿ ಇರಬಾರದು. ರಿಫಾಂಪಿಸಿನ್ ಎಂಬ ಟಿಬಿ ಔಷಧ ಶುರುವಾದಾಗ ಒಮ್ಮೆ, ಸೋಂಕು ತಗ್ಗಿದಾಗ ಒಮ್ಮೆ, ಕೋರ್ಸ್ ಮುಗಿದ ಮೇಲೆ ಮತ್ತೊಮ್ಮೆ ಡೋಸ್ ತಿದ್ದಲೇಬೇಕು. ಮುಂಬೈಯ ಗೋವಂಡಿಯಲ್ಲಿ ಇದಕ್ಕೆ ಕೈ ಹಾಕಿದಾಗ "ಕೂಲಿ ಮಾಡುವವರ ಕೈಗೆ ಇನ್ಸುಲಿನ್ ಕೊಟ್ಟರೆ ನಡೆಯುತ್ತದೇನ್ರೀ" ಎಂದ ಡಾಕ್ಟರುಗಳೇ ಹೆಚ್ಚು. ನಡೆಯಿತು. ಅವರಲ್ಲಿ ಕೆಲವರು ಈಗ ಇನ್ಸುಲಿನ್ ಕಲಿಸಿಕೊಡಿ ಎಂದು ತಮ್ಮ ಪೇಷಂಟುಗಳನ್ನು ನಮ್ಮಲ್ಲಿಗೇ ಕಳಿಸುತ್ತಾರೆ.

ಶುಗರ್ ಇದ್ದವರಿಗೆ ಟಿಬಿ ಬರುವ ಸಂಭವ ಎರಡು-ಮೂರು ಪಟ್ಟು ಎಂಬುದು ನಿಮಗೆ ಗೊತ್ತಿರುವ ವಿಷಯ. ಆದರೂ ಶುಗರ್ ಪೇಷಂಟಿಗೆ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನು ಪ್ರತಿ ಭೇಟಿಯಲ್ಲೂ ಕೇಳುವವರು ಕಡಿಮೆ. ತೂಕ ಇಳಿದರೆ "ಶುಗರ್‌ನಿಂದ" ಎಂದು ಬಿಡುತ್ತಾರೆ. ಎಕ್ಸ್‌ರೇಯಲ್ಲೂ ಮೋಸ ಹೋಗಬಹುದು: ಇವರಲ್ಲಿ ಕಲೆ ಎಷ್ಟೋ ಸಲ ಶ್ವಾಸಕೋಶದ ಕೆಳಭಾಗದಲ್ಲಿ ಕಾಣುತ್ತದೆ, ನ್ಯುಮೋನಿಯಾ ಎಂದುಕೊಂಡು ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಬರೆದುಬಿಡುತ್ತಾರೆ. ಆ ಮಾತ್ರೆ ಟಿಬಿಯನ್ನು ಅರ್ಧಂಬರ್ಧ ಅಡಗಿಸುತ್ತದೆ, ಜ್ವರ ಇಳಿಯುತ್ತದೆ, ರೋಗ ಪತ್ತೆಯಾಗುವುದು ಮುಂದೆ ಹೋಗುತ್ತದೆ. ಆದ್ದರಿಂದ ಮೊದಲು ಕಫ ಪರೀಕ್ಷೆ, ಅದೂ ಟಿಬಿ ಜೀವಾಣುವಿನ ಡಿಎನ್ಎ ಹುಡುಕುವ ಯಂತ್ರಗಳಾದ ಸಿಬಿನ್ಯಾಟ್ ಇಲ್ಲವೇ ಟ್ರೂನ್ಯಾಟ್‌ನಲ್ಲಿ. ಗೋವಾದ ಮೋಲ್‌ಬಯೊ ಕಂಪನಿಯ ಟ್ರೂನ್ಯಾಟ್ ಬ್ಯಾಟರಿಯಲ್ಲೂ ಓಡುತ್ತದೆ, ಕರೆಂಟ್ ಕೈಕೊಡುವ ಕಡೆ ಅದೊಂದು ದೊಡ್ಡ ಆಸರೆ.

ಟಿಬಿ ಗೊತ್ತಾದ ದಿನವೇ ಬೆರಳು ಚುಚ್ಚುತ್ತೇವೆ. ಸಕ್ಕರೆ 140 ದಾಟಿದರೆ ಮರುದಿನ ಫಾಸ್ಟಿಂಗ್ (ಖಾಲಿ ಹೊಟ್ಟೆಯ ಪರೀಕ್ಷೆ), ಅದು 126 ದಾಟಿದರೆ ಚಿಕಿತ್ಸೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಒಂದನ್ನೇ ನಂಬುವುದಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಸುಳ್ಳೇ ಏರಿರುತ್ತದೆ, ನಮ್ಮ ಪೇಷಂಟುಗಳಲ್ಲಿ ರಕ್ತಹೀನತೆ ಇಲ್ಲದವರು ಅಪರೂಪ. ಸೋಂಕಿನ ಒತ್ತಡಕ್ಕೆ ಏರಿದ ಸಕ್ಕರೆ ತಾನಾಗಿ ಇಳಿಯುವುದೂ ಉಂಟು. ಅದಕ್ಕೇ ಎರಡನೇ ತಿಂಗಳ ಕೊನೆಯಲ್ಲಿ ಇನ್ನೊಮ್ಮೆ ನೋಡದೆ ಯಾರಿಗೂ "ಜೀವನಪರ್ಯಂತ ಶುಗರ್" ಎಂಬ ಹಣೆಪಟ್ಟಿ ಹಚ್ಚುವುದಿಲ್ಲ.

ಇನ್ನು ಔಷಧ. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಎಬ್ಬಿಸಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ವಾರ, ಹತ್ತು ದಿನದಲ್ಲಿ ಸಕ್ಕರೆ ಏರುತ್ತದೆ, ಪೇಷಂಟ್ "ಬಾಯಿ ಕಟ್ಟಿದ್ದೀನಿ ಡಾಕ್ಟ್ರೇ" ಎಂದರೂ ನಂಬುವವರಿಲ್ಲ. ಡೋಸ್ ಏರಿಸುತ್ತಾ ಹೋಗುವುದು ಸೋಲುವ ದಾರಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಗೆ ಆ ತೊಂದರೆ ಇಲ್ಲ, ಆದರೆ ಪೈರಾಜಿನಮೈಡ್ ಎಂಬ ಟಿಬಿ ಮಾತ್ರೆಯ ಜೊತೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮೊದಲ ಎರಡು ವಾರ ಅರ್ಧ ಡೋಸ್, ಅದೂ ಊಟದ ಮಧ್ಯೆ. ಫಾಸ್ಟಿಂಗ್ 200ರ ಮೇಲಿದ್ದು ತೂಕವೂ ಇಳಿದಿದ್ದರೆ ನೇರ ಇನ್ಸುಲಿನ್: 30/70 (ಬೇಗ ಮತ್ತು ನಿಧಾನ ಕೆಲಸ ಮಾಡುವ ಇನ್ಸುಲಿನ್‌ಗಳ) ಮಿಶ್ರಣ, ತೂಕದ ಕಿಲೋಗೆ ದಿನಕ್ಕೆ ಕಾಲು ಯೂನಿಟ್ ಆಸುಪಾಸು, ಮೂರರಲ್ಲಿ ಎರಡು ಪಾಲು ಬೆಳಿಗ್ಗೆ, ಒಂದು ಪಾಲು ರಾತ್ರಿ. 45 ಕಿಲೋದವರಿಗೆ 8 ಮತ್ತು 4.

ನಮ್ಮ ಪೇಷಂಟುಗಳಾದ ಹೋಟೆಲ್ ಕೆಲಸದ ಹುಡುಗರಲ್ಲಿ ಎಡವುವುದು ಇನ್ಸುಲಿನ್ ಚುಚ್ಚುವ ಹೊತ್ತಿನಲ್ಲಿ. ಐದಕ್ಕೆ ಏಳುತ್ತಾರೆ, ತಿಂಡಿ ಸಿಗುವುದು ಹತ್ತಕ್ಕೆ. "ಬೆಳಿಗ್ಗೆ" ಎಂದಷ್ಟೇ ಬರೆದರೆ ಐದಕ್ಕೇ ಚುಚ್ಚಿಕೊಂಡು ಗ್ರೈಂಡರ್ ಪಕ್ಕ ಕುಸಿಯುತ್ತಾರೆ. ಟಿಬಿ ಮಾತ್ರೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಇನ್ಸುಲಿನ್ ತಟ್ಟೆ ಬರುವ ಅರ್ಧ ಗಂಟೆ ಮುಂಚೆ. ಆ ಅರ್ಧ ಗಂಟೆಗೆ ಹೋಟೆಲ್ ಮಾಲೀಕ ಶೆಟ್ರನ್ನು ಒಪ್ಪಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಬರೆದುಬಿಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ.

ಸಿರಿಂಜನ್ನು ಕಣ್ಣಾರೆ ನೋಡಿ. ಅಗ್ಗದ ಇನ್ಸುಲಿನ್ ವಯಲ್ (ಸೀಸೆ) ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಂಗಡಿಯವನು ಮಿಲಿಗೆ 100 ಯೂನಿಟ್‌ನ ಕಿತ್ತಳೆ ಮುಚ್ಚಳದ ಸಿರಿಂಜ್ ಕೊಟ್ಟರೆ, ಹತ್ತರ ಗೆರೆವರೆಗೆ ಎಳೆದರೂ ಒಳಗೆ ಹೋಗುವುದು 4 ಯೂನಿಟ್ ಮಾತ್ರ. "ಇನ್ಸುಲಿನ್ ಹತ್ತುತ್ತಿಲ್ಲ" ಎಂಬ ದೂರುಗಳಲ್ಲಿ ಒಳ್ಳೆಯ ಪಾಲು ಇದೇ.

ವಯಲಿಗೆ ನೂರೈವತ್ತು ರೂಪಾಯಿ ಆಸುಪಾಸು, ಸಕ್ಕರೆ ನೋಡುವ ಸ್ಟ್ರಿಪ್ ಒಂದಕ್ಕೆ ಹದಿನೈದು ಇಪ್ಪತ್ತು. ಹಣ ಕರಗುವುದು ಸ್ಟ್ರಿಪ್‌ನಲ್ಲೇ. ಮೊದಲ ತಿಂಗಳು ವಾರಕ್ಕೆ ಎರಡು ಫಾಸ್ಟಿಂಗ್, ಒಂದು ಊಟದ ನಂತರ, ಅಷ್ಟು ಸಾಕು. ಟಿಬಿ ಮಾತ್ರೆ ಪುಕ್ಕಟೆ; ಟಿಬಿಯವರ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆಯ ವಿವರ ಮೊದಲ ದಿನವೇ ತುಂಬಿಸಿ.

ಫ್ರಿಜ್ ಇಲ್ಲದ ಖೋಲಿಗಳಲ್ಲಿ ಇನ್ಸುಲಿನ್ ತಣ್ಣಗಿಡಲು ಮಡಕೆಯೊಳಗೊಂದು ಮಡಕೆ, ನಡುವೆ ಒದ್ದೆ ಮರಳು ಇಟ್ಟು ಥರ್ಮಾಮೀಟರ್ ಹಾಕಿ ನೋಡಿದೆವು. ಕಲಬುರಗಿಯ ಒಣಬಿಸಿಲಿಗೆ ಚೆನ್ನಾಗಿ ತಣಿಯುತ್ತದೆ. ಇಲ್ಲಿ ಗಾಳಿಯೇ ಒದ್ದೆ, ನೀರು ಆರುವುದಿಲ್ಲ, ಎರಡು ಮೂರು ಡಿಗ್ರಿ ಇಳಿದರೆ ಹೆಚ್ಚು. ಮೇ ತಿಂಗಳಲ್ಲಿ ಹೋಟೆಲಿನ ಫ್ರಿಜ್ಜೇ ಗತಿ: ಬಾಗಿಲಿನ ಹಲಗೆಯಲ್ಲಿ ಇಡಬೇಕು, ಫ್ರೀಜರಿನ ಹತ್ತಿರ ಬೇಡ. ಪಾವ್‌ಗೂ ಜೋಳದ ರೊಟ್ಟಿಗೂ ಸಕ್ಕರೆ ಹೋಲಿಸಿಯೂ ನೋಡಿದೆವು. ರೊಟ್ಟಿಗೆ ಏರಿಕೆ ಸ್ವಲ್ಪ ಕಡಿಮೆ, ನಾಲ್ಕು ರೊಟ್ಟಿ ತಿಂದರೆ ಅದೂ ಅಷ್ಟೇ. ಟಿಬಿಯವರಿಗೆ ಅನ್ನ ಬಿಡಿಸಿ ಸೊರಗಿಸಬೇಡಿ. ಮೊಟ್ಟೆ, ಕಾಳು, ಮೀನು ಕೂಡಿಸಿ, ಚಹಾದ ಸಕ್ಕರೆ ಮಾತ್ರ ಕಳೆಯಿರಿ.

ನಾಲ್ಕರಿಂದ ಆರನೇ ವಾರದ ಹೊತ್ತಿಗೆ ಸೋಂಕು ತಗ್ಗಿ ಇನ್ಸುಲಿನ್ ಬೇಡಿಕೆ ಇಳಿಯುತ್ತದೆ, ಹಳೇ ಡೋಸೇ ಇದ್ದರೆ ಸಕ್ಕರೆ ತೀರಾ ಇಳಿದು ನಸುಕಿನಲ್ಲಿ ಬೆವರು, ನಡುಕ. ಕಾಲಿನ ಉರಿ ಎಂದರೆ ಶುಗರ್ ಮೇಲಷ್ಟೇ ಹಾಕಬೇಡಿ, ಟಿಬಿ ಔಷಧ ಐಸೋನಿಯಜಿಡ್‌ನಿಂದಲೂ ಬರುತ್ತದೆ; ಪಿರಿಡಾಕ್ಸಿನ್ (ವಿಟಮಿನ್ ಬಿ6) ಮೊದಲ ದಿನದಿಂದಲೇ ಇರಲಿ. ಕಣ್ಣಿಗೆ ತೊಂದರೆ ಕೊಡಬಲ್ಲ ಟಿಬಿ ಔಷಧ ಎಥಾಂಬುಟಾಲ್ ಕೊಡುವ ಮುಂಚೆ ಕಣ್ಣು ತೋರಿಸಿ, ಇಲ್ಲವಾದರೆ ಹಳೆಯ ರೆಟಿನಾ ದೋಷವೋ ಔಷಧದ್ದೋ ಎಂದು ಆಮೇಲೆ ತಿಳಿಯುವುದಿಲ್ಲ. ಎರಡನೇ ತಿಂಗಳ ಕೊನೆಗೂ ಕಫ ಪಾಸಿಟಿವ್ ಇದ್ದರೆ ಶುಗರ್‌ನಿಂದ ತಡವಾಗಿದೆ ಎಂದು ಸುಮ್ಮನಿರಬೇಡಿ, ಔಷಧ ನಿರೋಧದ ಪರೀಕ್ಷೆಗೆ ಕಳಿಸಿ.

ಎಲ್ಲರೂ ಮರೆಯುವುದು ಕೊನೆಯ ತಿದ್ದುಪಡಿ. ರಿಫಾಂಪಿಸಿನ್ ನಿಂತ ಸುಮಾರು ಎರಡು ವಾರಕ್ಕೆ ಕಿಣ್ವಗಳು ಹಳೇ ಸ್ಥಿತಿಗೆ ಬರುತ್ತವೆ. ಕೋರ್ಸ್ ನಡುವೆ ಏರಿಸಿದ ಗ್ಲಿಮೆಪಿರೈಡ್ ಆಗ ಪೂರ್ತಿ ಬಲದಲ್ಲಿ ಹೊಡೆಯುತ್ತದೆ, ಪೇಷಂಟ್ ಅಷ್ಟರಲ್ಲಿ ಊರಿಗೆ ಹೊರಟಿರುತ್ತಾನೆ. ಆದ್ದರಿಂದ ಕೊನೆಯ ಮಾತ್ರೆಯ ದಿನವೇ ಡೋಸ್ ಇಳಿಸುವ ತಾರೀಖುಗಳನ್ನು ಕನ್ನಡದಲ್ಲಿ ಚೀಟಿ ಬರೆದು ಕೊಡುತ್ತೇವೆ, ಹತ್ತನೇ ದಿನ ಮತ್ತು ಹದಿನೈದನೇ ದಿನ ಫೋನ್ ಮಾಡುತ್ತೇವೆ. ಕೋರ್ಸ್ ನಡುವೆಯೇ ಊರಿಗೆ ಹೋಗುವವರನ್ನು ಸರ್ಕಾರಿ ಟಿಬಿ ನೋಂದಣಿಯ ನಿಕ್ಷಯ್ ಐಡಿಯಿಂದ ಯಾದಗಿರಿಗೋ ವಿಜಯಪುರಕ್ಕೋ ವರ್ಗ ಮಾಡಬಹುದು. ಇನ್ಸುಲಿನ್ ಡೋಸ್ ಅದರ ಜೊತೆ ತಾನಾಗಿ ಹೋಗುವುದಿಲ್ಲ, ಆ ಚೀಟಿ ಅವರ ಜೇಬಿನಲ್ಲೇ ಇರಬೇಕು. ಶುಗರ್ ಇದ್ದವರಿಗೆ ಟಿಬಿ ಮರುಕಳಿಸುವುದು ಹೆಚ್ಚು, ಹಾಗಾಗಿ 6, 12, 18, 24ನೇ ತಿಂಗಳ ತಪಾಸಣೆಯ ದಿನಗಳೂ ಅದೇ ಚೀಟಿಯ ಹಿಂಬದಿಗೆ.